ಕಪ್ಪು ಕಾಗದ, ಸುಣ್ಣದ ಕಂಬ

ನಾನು ನಿಂತಿದ್ದದ್ದು ಮಸಿನಗುಡಿ ಹತ್ತಿರದ ಮಾವನಲ್ಲ ಎಂಬ ಊರಿನ ನಮ್ಮ ಹೊಲದ ಮೇಲ್ತುದಿಯಲ್ಲಿ, ಸಿಮೆಂಟಿನ ನೀರಿನ ತೊಟ್ಟಿಗೆ ಬೆನ್ನು ಕೊಟ್ಟು, ಕೆಳಗಿನ ಹಳ್ಳದ ಕಡೆ ಮುಖ ಮಾಡಿ. ಫೆಬ್ರುವರಿ ತಿಂಗಳ ಒಂದು ಭಾನುವಾರ. ಊಟಿಯ ಕಾಲೇಜಿನಲ್ಲಿ ಚಿತ್ರಕಲೆಗೆ ಸೇರಿ ನನಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ, ಬೆಳಕು ಪೂರ್ತಿ ಹೋಗಿರಲಿಲ್ಲ. ಕೈಬೆರಳು ಕಾಣುತ್ತಿತ್ತು, ಉಗುರು ಕಾಣುತ್ತಿರಲಿಲ್ಲ. ಇಷ್ಟನ್ನು ನಾನು ಆಣೆ ಇಟ್ಟು ಹೇಳಬಲ್ಲೆ.

ಕೆಳಗೆ ಹಳ್ಳದ ದಂಡೆಯಲ್ಲಿ ಅವ್ವ ಇದ್ದಳು. ತಲೆಯ ಮೇಲೆ ಹುಲ್ಲಿನ ಹೊರೆ. ಅವಳ ಹಿಂದೆ ಪಕ್ಕದ ಹೊಲದ ಚಿಕ್ಕವ್ವ. ಅವರು ಮೇಲೆ ಬರಬೇಕಾದ ಕಾಲುದಾರಿ ನಮ್ಮ ಸೋಲಾರ್ ಬೇಲಿಯ ಒಳಮಗ್ಗುಲಲ್ಲೇ ಬರುತ್ತದೆ. ಬೇಲಿಯ ಆಚೆ ಲಂಟಾನದ ಮೆಳೆ, ಅದರಾಚೆ ಕಾಡು.

ಅವ್ವ ನಿಂತು ಕೂಗಿದಳು: "ಬೆಳ್ಳಗದಾ ಮಗಾ?"

ಇದನ್ನು ಸ್ವಲ್ಪ ವಿವರಿಸಬೇಕು. ಅಪ್ಪ ಪ್ರತಿ ವರ್ಷ ಮಳೆ ಮುಗಿದ ಮೇಲೆ ಬೇಲಿಯ ಕಂಬಗಳಿಗೆ ಬುಡದಿಂದ ಎದೆಮಟ್ಟದವರೆಗೆ ಸುಣ್ಣ ಬಳಿಯುತ್ತಾನೆ. ಸುತ್ತಲಿನ ರೆಸಾರ್ಟುಗಳಿಗೆ ಬಂದವರು ಅದನ್ನು ಅಂದಕ್ಕೆ ಎಂದುಕೊಂಡು ಫೋಟೊ ತೆಗೆದುಕೊಳ್ಳುತ್ತಾರೆ. ಅದು ಅಂದಕ್ಕಲ್ಲ. ಕತ್ತಲಾಗುವ ಹೊತ್ತಿನಲ್ಲಿ ನಮ್ಮ ಕಡೆ ಹೊಲದಲ್ಲಿ ನಿಂತು ಆನೆಯ ಹೆಸರು ಎತ್ತುವುದಿಲ್ಲ, ಎತ್ತಿದರೆ ಕರೆದ ಹಾಗೆ ಎನ್ನುತ್ತಾರೆ. ಆದ್ದರಿಂದ ಕೆಳಗಿರುವವರು 'ಬೆಳ್ಳಗದಾ' ಎಂದು ಕೇಳುತ್ತಾರೆ. ತೊಟ್ಟಿಯ ಹತ್ತಿರ ನಿಂತವರು ಕಂಬದ ಸಾಲನ್ನು ಮೇಲಿಂದ ಕೆಳಗಿನವರೆಗೆ ನೋಡಿ 'ಬೆಳ್ಳಗದೆ, ಬಾ' ಎನ್ನುತ್ತಾರೆ. ಹಾಗಿಲ್ಲದಿದ್ದರೆ 'ನಿಲ್ಲಿ, ದೀಪ ತತ್ತೀನಿ' ಎನ್ನುತ್ತಾರೆ. ಅಷ್ಟೇ ಮಾತು. ಚಿಕ್ಕವನಿದ್ದಾಗಿನಿಂದ ನಾನು ಸುಣ್ಣವನ್ನೂ ಬಳಿದಿದ್ದೆ, ಉತ್ತರವನ್ನೂ ಕೂಗಿದ್ದೆ.

ಆದರೆ ಆ ಸಂಜೆ ನಾನು ಎಂಟು ತಿಂಗಳು ಹಾಸ್ಟೆಲಿನಲ್ಲಿದ್ದು ಬಂದವನು. ಜೊತೆಗೆ ನನ್ನ ಕಣ್ಣು ಬೇರೆ ಒಂದು ಕೆಲಸದಲ್ಲಿ ಸಿಕ್ಕಿಕೊಂಡಿತ್ತು. ಅದು ಯಾವ ಕೆಲಸ ಎಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಮೊದಲ ವರ್ಷದ ವೇಳಾಪಟ್ಟಿಯಲ್ಲಿ ಟು ಡೈಮೆನ್ಷನಲ್ ಡಿಸೈನ್ ಎಂಬ ತರಗತಿ ಇತ್ತು. ಉದ್ದ ಅಗಲ ಮಾತ್ರ ಇರುವ, ಆಳವಿಲ್ಲದ ಹಾಳೆಯ ಮೇಲೆ ಆಕಾರಗಳನ್ನು ಜೋಡಿಸುವುದು. ಉತ್ತರಕ್ಕೆ ಕಿಟಕಿಗಳಿದ್ದ ಉದ್ದನೆಯ ಕೋಣೆ. ಮಧ್ಯಾಹ್ನವಾದರೆ ಮಂಜು ಕಿಟಕಿಗೆ ಬಂದು ನಿಲ್ಲುತ್ತಿತ್ತು, ಹೊರಗಿನ ಸೈಪ್ರಸ್ ಮರಗಳು ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ನಾವು ಸ್ವೆಟರಿನ ತೋಳು ಮೇಲೇರಿಸಿ ಕಪ್ಪು ಕಾಗದ ಕತ್ತರಿಸುತ್ತಿದ್ದೆವು. ಗೋಂದು ಚಳಿಗೆ ಬೇಗ ಒಣಗುತ್ತಿರಲಿಲ್ಲ. ಅಂಟಿಸಿದ್ದು ಜರುಗುತ್ತಿತ್ತು. ಆ ಕೋಣೆಯಲ್ಲಿ ನಾನು ಸುಖವಾಗಿದ್ದೆ ಎನ್ನುವುದನ್ನೂ ಇಲ್ಲೇ ಹೇಳಬೇಕು. ಒಂದು ಕೆಲಸ ಬಾರದೆ ಇರುವಾಗಲೂ ಅದರ ಹತ್ತಿರ ಕೂತಿರುವುದು ಹಿತವಾಗಿರಬಹುದು ಎಂದು ನನಗೆ ಅಲ್ಲಿ ಗೊತ್ತಾಯಿತು.

ಕೆಲಸ ಬರುತ್ತಿರಲಿಲ್ಲ. ಕೊಟ್ಟ ಪಾಠ ಸರಳವಾಗಿತ್ತು: ಬಿಳಿ ಬೋರ್ಡಿನ ಮೇಲೆ ಕಪ್ಪು ಕಾಗದ, ಬೇರೆ ಬಣ್ಣವಿಲ್ಲ. ಕಪ್ಪು ಆಕಾರಗಳಷ್ಟೇ ಜೀವ ಅವುಗಳ ನಡುವಿನ ಬಿಳಿಗೂ ಇರಬೇಕು. ಕಾಲೇಜಿಗೆ ಸೇರುವ ಮುಂಚೆ ನಾನು ಮಸಿನಗುಡಿಯ ಸುತ್ತಲಿನ ರೆಸಾರ್ಟುಗಳಿಗೆ ಬೋರ್ಡು ಬರೆಯುತ್ತಿದ್ದೆ. ಪಕ್ಕದಿಂದ ನೋಡಿದ ಆನೆ, ಎತ್ತಿದ ಸೊಂಡಿಲು, ಬೀಸಿದ ಕಿವಿ. ಕಣ್ಣು ಮುಚ್ಚಿದರೂ ಕತ್ತರಿಸಬಲ್ಲೆ. ಅದನ್ನೇ ಕತ್ತರಿಸಿ ಅಂಟಿಸಿದೆ. ಬೋರ್ಡು ವಾಪಸು ಬಂತು. ಎರಡು ಆನೆ ಅಂಟಿಸಿದೆ. ಅದೂ ಬಂತು.

ಪಾಠ ಮಾಡುತ್ತಿದ್ದ ಮೇಡಂ ಕೊಯಮತ್ತೂರಿನವರು. ಮೈಸೂರಿನಲ್ಲಿ ಓದಿದ್ದರಿಂದ ನನ್ನ ಜೊತೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದರು. ಬೋರ್ಡನ್ನು ಗೋಡೆಗೆ ಒರಗಿಸಿ, ನನ್ನನ್ನು ಕೋಣೆಯ ಇನ್ನೊಂದು ತುದಿಯ ಬಾಗಿಲವರೆಗೆ ನಡೆಸಿಕೊಂಡು ಹೋದರು.

"ತಂಬಿ, ಕಣ್ಣು ಅರ್ಧ ಮುಚ್ಚು. ಏನು ಕಾಣ್ತದೆ?"

"ಆನೆ, ಮೇಡಂ."

"ಇನ್ನೂ ಮುಚ್ಚು."

"ಆನೇನೇ."

"ಆನೆ ಚೆನ್ನಾಗಿದೆ. ಸುತ್ತ ಇರೋ ಬಿಳಿ ಏನು ಮಾಡ್ತಿದೆ?"

ಉತ್ತರವನ್ನೂ ಅವರೇ ಹೇಳಿದರು: "ಬಸ್‌ಸ್ಟ್ಯಾಂಡಲ್ಲಿ ಕೂತಿದೆ. ಅದಕ್ಕೆ ಹೋಗೋಕೆ ಊರಿಲ್ಲ, ಮಾಡೋಕೆ ಕೆಲಸ ಇಲ್ಲ."

ಅದನ್ನೇ ತಮಿಳಿನಲ್ಲೂ ಹೇಳಿದಾಗ ಎಲ್ಲರೂ ನಕ್ಕರು. ನನ್ನ ಪಕ್ಕದ ಮೇಜಿನವನು ಎಲ್ಲರಿಗಿಂತ ಜೋರಾಗಿ ನಕ್ಕ. ಅವನು ದೇವಾಲ ಎಂಬ ಊರಿನ ಟೀ ಎಸ್ಟೇಟಿನಲ್ಲಿ ಕೆಲಸದವರಿಗೆ ಕಟ್ಟಿದ ಲೈನ್ ಮನೆಯಿಂದ ಬಂದವನು. ತಮಿಳಿನ ನಡುವೆ ಮಲಯಾಳ ಬೆರೆಸಿ ಮಾತಾಡುತ್ತಿದ್ದ. ಅವನು ಟೀ ಎಲೆಯ ಆಕಾರ ಕತ್ತರಿಸಿದ್ದ. ಅವನದೂ ವಾಪಸು ಬಂದಿತ್ತು, ಹಾಗಾಗಿ ಅವನ ನಗುವಿನಲ್ಲಿ ಕೆಡುಕು ಇರಲಿಲ್ಲ.

ಆ ಶುಕ್ರವಾರ ಕಪ್ಪು ಕಾಗದದ ಸುರುಳಿ ಹಿಡಿದುಕೊಂಡೇ ಕಲ್ಲಟ್ಟಿಯ ತಿರುವುಗಳನ್ನಿಳಿಯುವ ಬಸ್ಸು ಹತ್ತಿ ಮನೆಗೆ ಬಂದೆ. ಶನಿವಾರವೂ ಭಾನುವಾರವೂ ಆನೆ ಕತ್ತರಿಸಿದೆ. ಸಂಜೆ ಅಪ್ಪ ಕೊಟ್ಟಿಗೆಯಿಂದ, "ಅವ್ವ ಬರೋ ಹೊತ್ತಾಯ್ತು, ತೊಟ್ಟಿ ತಾವ ನಿಂತ್ಕ ಹೋಗು" ಅಂದ. ಕತ್ತರಿ ಕೆಳಗಿಟ್ಟು ಎದ್ದು ಹೋದೆ.

ಈಗ ಅವ್ವ ಕೇಳಿದ್ದಳು. ನಾನು ನೋಡಿದೆ.

ನಾನು ನೋಡಿದ್ದು ಆನೆಯನ್ನು. ಎಂದರೆ, ಆನೆ ಇದೆಯೇ ಎಂದು ಹುಡುಕಿದೆ. ಸೊಂಡಿಲು ಹುಡುಕಿದೆ, ಕಿವಿ ಹುಡುಕಿದೆ, ಬೆನ್ನಿನ ಬಾಗು ಹುಡುಕಿದೆ. ಲಂಟಾನದ ಮೆಳೆ ಕಪ್ಪಾಗಿತ್ತು, ಅಷ್ಟೇ. ಯಾವ ಆಕಾರವೂ ಇರಲಿಲ್ಲ. ಮನಸ್ಸು ನಿರಾಳವಾಯಿತು. 'ಬೆಳ್ಳಗದೆ' ಎನ್ನಲು ಬಾಯಿ ತೆರೆದೆ. ಬಾಯಿ ತೆರೆದದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಹಲ್ಲಿಗೆ ತಣ್ಣನೆ ಗಾಳಿ ತಾಗಿತು.

ಆಗ ಕಣ್ಣು ಅರ್ಧ ಮುಚ್ಚಿದೆ. ಯಾಕೆ ಮುಚ್ಚಿದೆ ಎಂದು ಹೇಳಲಾರೆ. ಅಪಾಯ ಅರಿತು ಮುಚ್ಚಲಿಲ್ಲ. ಆ ವಾರವೆಲ್ಲ ಗೋಡೆ, ತಟ್ಟೆ, ಬಸ್ಸಿನ ಕಿಟಕಿ ಏನು ನೋಡಿದರೂ ಕಣ್ಣು ಅರ್ಧ ಮುಚ್ಚುವುದು ಚಟವಾಗಿತ್ತು. ಮುಚ್ಚಿದ ಕೂಡಲೇ ಮೆಳೆ, ದಾರಿ, ಹುಲ್ಲು ಎಲ್ಲ ಒಂದೇ ಕಪ್ಪಾಗಿ ಸೇರಿಕೊಂಡವು. ಸುಣ್ಣದ ಕಂಬಗಳು ಮಾತ್ರ ಉಳಿದವು. ಮೇಲಿಂದ ಸಾಲಾಗಿ ಇಳಿದವು, ಇಳಿದವು, ನಿಂತುಹೋದವು. ಸ್ವಲ್ಪ ಕೆಳಗೆ ಮತ್ತೆ ಶುರುವಾದವು. ನಡುವೆ ಕಂಬಗಳು ಇರಲಿಲ್ಲ. ಹಿಂದಿನ ದಿನ ಅದೇ ಕಂಬಗಳಿಗೆ ಹಸುವನ್ನು ಉಜ್ಜಿಕೊಳ್ಳಲು ಬಿಡಬೇಡ ಎಂದು ಅಪ್ಪ ನನ್ನನ್ನು ಬೈದಿದ್ದ. ಅವು ಅಲ್ಲಿ ಇರಲೇಬೇಕು. ಇಲ್ಲ.

ಅದು ದಾರಿಯ ಮೇಲೇ ನಿಂತಿತ್ತು. ನನಗೆ ಬೆನ್ನು ಮಾಡಿ, ಅವ್ವನ ಕಡೆ ಮುಖ ಮಾಡಿ. ಹಿಂದಿನಿಂದ ನೋಡಿದರೆ ಆನೆಗೆ ಆನೆಯ ಆಕಾರವಿಲ್ಲ.

'ನಿಲ್ಲಿ, ದೀಪ ತತ್ತೀನಿ' ಎನ್ನಬೇಕಿತ್ತು. ಕೂಗಲಿಲ್ಲ. ತೊಟ್ಟಿಯ ಅಂಚನ್ನು ಹಿಡಿದುಕೊಂಡಿದ್ದೆ. ಅವ್ವನ ಹುಲ್ಲಿನ ಹೊರೆ ಹಳ್ಳದ ಹತ್ತಿರ ಕಾಣುತ್ತಿತ್ತು. ಆ ಹೊರೆ ಮುಂದೆ ಬರುತ್ತದೆಯೇ ಎಂದು ನೋಡುತ್ತಿದ್ದೆ.

ಬರಲಿಲ್ಲ. ಉತ್ತರ ಬಾರದೆ ಹೆಜ್ಜೆ ಇಡುವಂತಿಲ್ಲ. ಅವ್ವ ಅಷ್ಟು ವರ್ಷ ಇಟ್ಟಿರಲಿಲ್ಲ, ಅವತ್ತೂ ಇಡಲಿಲ್ಲ.

ಚಿಕ್ಕವ್ವನ ಧ್ವನಿ ಕೇಳಿಸಿತು: "ಏನಕ್ಕ, ನಿನ್ ಮಗ ಬಾಯ ಊಟಿಲೇ ಬುಟ್ಟು ಬಂದಿದ್ದಾನಾ?"

"ಸುಮ್ಕಿರು. ಅವ್ನು ಕೂಗ್ತಿಲ್ಲ ಅಂದ್ರೆ ಏನೋ ಅದೆ."

"ನಿದ್ದೆ ಮಾಡ್ತಾವ್ನೆ ಅನ್ನು. ನಂಗೆ ಕತ್ತು ನೋಯ್ತದೆ, ನೀನೇ ಈ ಹೊರೇನೂ ಹೊತ್ಕೊ ಹಂಗಾದ್ರೆ."

"ನಿನ್ ಕತ್ತು ಇದ್ರಲ್ವಾ ನೋಯೋದು? ಹಿಂದಕ್ಕೆ ನಡಿ."

ಎರಡು ಹೊರೆಗಳೂ ಮೆಲ್ಲಗೆ ಹಿಂದೆ ಸರಿದು ಚಿಕ್ಕವ್ವನ ಮನೆಯ ಕಡೆ ತಿರುಗಿದವು. ಅವರು ಓಡಲಿಲ್ಲ. ಆ ಬಳಿಕ, ಎಷ್ಟು ಹೊತ್ತಿಗೆ ಎಂದು ಹೇಳಲಾರೆ, ಇಲ್ಲದ ಕಂಬಗಳಲ್ಲಿ ಒಂದು ಕಂಬ ಬಂತು. ಆಮೇಲೆ ಇನ್ನೊಂದು. ದಾರಿಯಲ್ಲಿದ್ದದ್ದು ಪಕ್ಕಕ್ಕೆ ತಿರುಗಿದಾಗ ಮಾತ್ರ ನಾನು ಬೋರ್ಡುಗಳಲ್ಲಿ ಬರೆಯುತ್ತಿದ್ದ ಆನೆ ಕಾಣಿಸಿತು, ಅದೂ ಅರೆಕ್ಷಣ. ತಂತಿ ಸಡಿಲವಾಗಿದ್ದ ಜಾಗದಲ್ಲಿ ಬೇಲಿ ದಾಟಿ ಮೆಳೆಯೊಳಗೆ ಹೋಯಿತು. ಒಂದು ಕಡ್ಡಿ ಮುರಿದ ಸದ್ದೂ ನನಗೆ ಕೇಳಿಸಲಿಲ್ಲ. ಕೊಟ್ಟಿಗೆಯಿಂದ ಟಾರ್ಚು ಹಿಡಿದು ಅಪ್ಪ ಬರುವಷ್ಟರಲ್ಲಿ ಸಾಲು ಪೂರ್ತಿಯಾಗಿತ್ತು.

ಅವ್ವ ರಸ್ತೆ ಸುತ್ತಿಕೊಂಡು ಮನೆಗೆ ಬಂದಳು. ಹೊರೆ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು ನನ್ನ ಎದುರಿಗೆ ನಿಂತಳು.

"ಅಷ್ಟೊತ್ತು ಏನ್ ನೋಡ್ತಿದ್ದೆ ನೀನು?"

"ಆನೇನ."

"ಆನೇನ ಯಾರ್ ನೋಡು ಅಂದ್ರು? ಕಂಬ ನೋಡು ಅಂತ ಅಲ್ವಾ ಸುಣ್ಣ ಬಳಿಯೋದು? ಕಾಲೇಜಿಗೋಗಿ ಇದನ್ನೂ ಮರ್ತ್ಯಾ?"

ಅಪ್ಪ, "ಬುಡು, ಹುಡುಗ ಹೆದ್ರವ್ನೆ" ಅಂದ. ಅವ್ವ ಬಿಡಲಿಲ್ಲ. ಬೈಯುತ್ತಲೇ ಒಲೆಯ ಹತ್ತಿರ ಹೋಗಿ, ಬೈಯುತ್ತಲೇ ಕಾಫಿ ಮಾಡಿ ಲೋಟವನ್ನು ನನ್ನ ಕೈಗೆ ಕೊಟ್ಟಳು. ಕುಡಿಯಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡೆ. ಆಗ ಬೈಗುಳ ನಿಂತಿತು. ನನ್ನ ಪಕ್ಕದಲ್ಲಿ ಕೂತು, ಲೋಟ ತನ್ನ ಕೈಗೆ ತೆಗೆದುಕೊಂಡು, ಆರಿಸಿ ಮತ್ತೆ ಕೊಟ್ಟಳು.

ಮರುವಾರ ಕಾಲೇಜಿನಲ್ಲಿ ನಾನು ಬೋರ್ಡಿಗೆ ಪೂರ್ತಿ ಕಪ್ಪು ಕಾಗದ ಅಂಟಿಸಿದೆ. ಬಿಳಿ ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಓರೆಯಾಗಿ ಇಳಿಯುವ ಸಾಲು ಮಾಡಿದೆ. ನಡುವೆ ಒಂದು ಕಡೆ ಪಟ್ಟಿಗಳನ್ನು ಬಿಟ್ಟೆ. ಆನೆ ಕತ್ತರಿಸಲಿಲ್ಲ. ಕೊಟ್ಟ ಪಾಠ ಬಿಳಿಯ ಮೇಲೆ ಕಪ್ಪು, ನಾನು ಮಾಡಿದ್ದು ಕಪ್ಪಿನ ಮೇಲೆ ಬಿಳಿ. ಇದೂ ವಾಪಸು ಬರುತ್ತದೆ ಎಂದುಕೊಂಡೇ ಗೋಡೆಗೆ ಒರಗಿಸಿದೆ.

"ಬಾಚಣಿಗೆ" ಎಂದು ಒಬ್ಬಳು ಅಂದಳು. "ಹಲ್ಲು ಉದುರಿದ ತಾತ" ಎಂದು ಇನ್ನೊಬ್ಬ. ಮೇಡಂ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ದೇವಾಲದವನು ಈ ಸಲ ನಗಲಿಲ್ಲ. ಮೇಜಿನಿಂದ ಎದ್ದು ಬಂದು, ನನ್ನ ಪಟ್ಟಿಗಳು ನಿಂತುಹೋದ ಜಾಗವನ್ನು ದೂರದಿಂದಲೇ ನೋಡಿ, ತಮಿಳಿನಲ್ಲಿ ಮೆಲ್ಲಗೆ ಕೇಳಿದ: "ಒಂದೇನಾ, ಜೊತೆಗೆ ಮರಿ ಇತ್ತಾ?"

"ಒಂದೇ."

"ಹೋಯ್ತಾ?"

"ಹೋಯ್ತು."

"ಯಾರಿದ್ರು ದಾರೀಲಿ?"

"ನಮ್ಮವ್ವ."

ಅವನು ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ಕೂತ. ಉಳಿದವರಿಗೆ ಏನೂ ತಿಳಿಯಲಿಲ್ಲ. ಮೇಡಂ ಕೇಳಿ ತಿಳಿದುಕೊಂಡರು. ನಾನು ಈಗ ಇಲ್ಲಿ ಬರೆದಷ್ಟನ್ನೇ, ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದೆ. ಅವರು ಬೋರ್ಡಿನ ಹತ್ತಿರ ಬಂದು, ಬಿಟ್ಟ ಜಾಗದ ಮೇಲಂಚಿನ ಪಟ್ಟಿಯ ಮೇಲೆ ಬೆರಳಿಟ್ಟರು.

"ಇದನ್ನ ಅರ್ಧ ಸೀಳು, ತಂಬಿ. ಅಂಚು ಇಷ್ಟು ನೇರ ಇದ್ದರೆ ಬೇಲಿ ಮುರಿದಿದೆ ಅಂತ ಕಾಣ್ತದೆ. ಅರ್ಧ ಕಂಬ ಕಂಡರೆ ಮುಂದೆ ಯಾರೋ ನಿಂತಿದ್ದಾರೆ ಅಂತ ಕಾಣ್ತದೆ."

ಸೀಳಿದೆ. ಗೋಂದು ಒಣಗಿರಲಿಲ್ಲ, ಪಟ್ಟಿ ಸುಲಭವಾಗಿ ಎದ್ದು ಬಂತು. ಬಾಗಿಲವರೆಗೆ ನಡೆದು ಹೋಗಿ ಕಣ್ಣು ಅರ್ಧ ಮುಚ್ಚಿ ನೋಡಿದೆ. ಕಪ್ಪಿನೊಳಗೆ ಕಪ್ಪು ನಿಂತಿತ್ತು. ಕಿಟಕಿಯಲ್ಲಿ ಮಂಜಿತ್ತು, ಕೈಗೆಲ್ಲ ಗೋಂದು. ನನಗೆ ಆದ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಊಟಕ್ಕೆ ಬಿಟ್ಟಾಗ ಅವ್ವನಿಗೆ ಫೋನ್ ಮಾಡಿ, ಊಟ ಆಯ್ತಾ ಎಂದು ಮಾತ್ರ ಕೇಳಿದೆ.

ಆ ಬೋರ್ಡು ವಾಪಸು ಬರಲಿಲ್ಲ. ಆ ವರ್ಷವೂ ಮುಂದಿನ ವರ್ಷವೂ ಕೋಣೆಯ ಗೋಡೆಯ ಮೇಲಿತ್ತು. ಆಮೇಲೆ ಗೋಡೆಗೆ ಬಣ್ಣ ಹೊಡೆದರು.

ಆ ಸಂಜೆ ಆನೆಯನ್ನು ಕಂಡವರು ನನ್ನನ್ನು ಬಿಟ್ಟು ಇಬ್ಬರು. ಅಪ್ಪನನ್ನು ಸೇರಿಸಲಾರೆ, ಅವನು ಬರುವಷ್ಟರಲ್ಲಿ ಅದು ಹೋಗಿಯಾಗಿತ್ತು. ಮರುದಿನ ಹೆಜ್ಜೆಗಳನ್ನು ಮಾತ್ರ ನೋಡಿ, ಸಡಿಲ ತಂತಿ ಬಿಗಿದ. ಚಿಕ್ಕವ್ವ ಕಂಡಿದ್ದಾಳೆ. ಹಿಂದಕ್ಕೆ ಸರಿಯುವಾಗ ಒಮ್ಮೆ ತಿರುಗಿ ನೋಡಿದಳಂತೆ. ದಾರಿಗೆ ಅಡ್ಡಲಾಗಿ ಎರಡು ದಂತ ಮಾತ್ರ ಕಂಡವಂತೆ. ಅದನ್ನು ಮೊದಲು ಕಂಡದ್ದು ತಾನೇ, ತಾನು ಹೇಳಿದ್ದಕ್ಕೇ ಅವ್ವ ನಿಂತದ್ದು ಎಂದು ಈಗಲೂ ಹೇಳುತ್ತಾಳೆ. ನಾನು ಕೇಳಿಸಿಕೊಂಡದ್ದು ಹಾಗಲ್ಲ. ಆದರೆ ಅವಳು ಅಲ್ಲಿದ್ದವಳು, ಗಟ್ಟಿಮುಟ್ಟಾಗಿದ್ದಾಳೆ, ಅವಳ ಮಾತನ್ನೂ ಕೇಳಬೇಕು. ಇನ್ನೊಬ್ಬಳು ಅವ್ವ. ಏನು ಕಂಡೆ ಎಂದು ಕೇಳಿದರೆ, ನೀನು ಕೂಗದೆ ನಿಂತಿದ್ದು ಕಂಡೆ ಅನ್ನುತ್ತಾಳೆ. ಈ ಬೆಳಿಗ್ಗೆಯೂ ಹಳ್ಳದ ಕಡೆ ಹುಲ್ಲಿಗೆ ಹೋಗಿದ್ದಾಳೆ.