ನಾಬ್‌ಗಿದ್ದ ನೆನಪು

ಮತ್ತೆ ಯಾರೋ ಕರೆಯುತ್ತಿದ್ದಾರೆ. ಮನೆಯಲ್ಲಿ ಮಗಳು, ಹುಣಸೂರಿನ ಈ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳು. ಒಂದು ಕೆಲಸವನ್ನಾದರೂ ಪೂರ್ತಿ ಮುಗಿಸಲು ಬಿಡುವುದಿಲ್ಲ. ಆವತ್ತೂ ಹೀಗೇ ಆಯಿತು.

ಕಟ್ಟೆಮಳಲವಾಡಿಯ ಮಾದಮ್ಮ ನಾಟಿಕೋಳಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ತಂದಿದ್ದರು. ಬಿಸಿ ಹೊಂದಿಸುವ ನಾಬ್ ಸವೆದಿತ್ತು. ಅದನ್ನು ಕಿತ್ತು, ಗುಂಡಿ ಒತ್ತಿ ಏರಿಸಿ ಇಳಿಸುವ ಡಿಜಿಟಲ್ ಪೊಟೆನ್ಶಿಯೋಮೀಟರ್ ಚಿಪ್ ಹಾಕಿದೆ. ನಾಬ್ ತಿರುಗಿಸಿದಲ್ಲೇ ನಿಲ್ಲುತ್ತಿತ್ತು; ಅಂಗಡಿಯಲ್ಲಿದ್ದ ಆ ಚಿಪ್‌ಗೆ ಆ ನೆನಪಿಲ್ಲ. ಕರೆಂಟು ಹೋಗಿ ಬಂದರೆ ನಾವು ಇಟ್ಟ ಜಾಗ ಬಿಟ್ಟು ನಟ್ಟನಡುವೆ ಹೋಗಿ ನಿಲ್ಲುತ್ತದೆ. ಈ ಪೆಟ್ಟಿಗೆಯಲ್ಲಿ ನಡುವೆ ಎಂದರೆ ವಿಪರೀತ ಬಿಸಿ. ಕರೆಂಟು ಬಂದಾಗಲೆಲ್ಲ ಮತ್ತೆ ಹೊಂದಿಸಬೇಕು ಎಂದು ಹೇಳಲು ಬಾಯಿ ತೆರೆದೆ.

"ಏನಮ್ಮೋ, ನನ್ ಮಿಕ್ಸಿ ಏನಾಯ್ತು?" ಎಂದು ಒಬ್ಬ ಕೂಗಿದ.

"ನಿನ್ ಮಿಕ್ಸಿಗೇನು ಹೆರಿಗೆ ನೋವಾ? ತಡ್ಕೊಳ್ಳಯ್ಯ" ಎಂದು ಜಗಳಕ್ಕೆ ನಿಂತೆ. ಅಷ್ಟರಲ್ಲಿ ಮಾದಮ್ಮ ಬಸ್ಸಿಗೆ ಹೊರಟುಹೋದರು.

ಮರಿ ಹೊರಬರಲು ಎರಡೇ ದಿನವಿದ್ದಾಗ ಅವರು ಮೊಟ್ಟೆಗಳ ಬುಟ್ಟಿ ತಂದು ಮೇಜಿನ ಮೇಲಿಟ್ಟರು. ಒಂದನ್ನು ಒಡೆದು ತೋರಿಸಿದರು. ರೆಕ್ಕೆ ಮೂಡಿದ್ದ ಮರಿ ಒಳಗೇ ಸತ್ತಿತ್ತು. ಮನೆಯಲ್ಲಿ ಒಮ್ಮೆ ಬಿಸಿ ಹೊಂದಿಸಿಟ್ಟು ಮತ್ತೆ ಗುಂಡಿ ಮುಟ್ಟಿರಲಿಲ್ಲವಂತೆ. ಹಿಂದಿನ ದಿನ ಕರೆಂಟು ಹೋಗಿ ಬಂದಿತ್ತಂತೆ.

ಚಿಪ್ ಮರೆತುಬಿಡುತ್ತದೆ ಎಂದು ವಿವರಿಸಿದೆ.

"ಅದು ಮರೀತು ಬುಡವ್ವ, ಅದಕ್ಕೆ ಜೀವ ಇಲ್ಲ. ನಿಂಗೇನಾಗಿತ್ತು?"