ಸೀಸದ ಸದ್ದು

ಕೆರೆಗೆ ಗಾಳ ಹಾಕುವವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವರಲ್ಲಿ ಯಾರ ಅಣ್ಣನ ಹೆಂಡತಿಯೂ ಅಲ್ಲ, ಆದರೂ ದಡಕ್ಕೆಲ್ಲ ಅತ್ತಿಗೆ. ನೀರಿನ ಪಕ್ಕದಲ್ಲೇ ಅವಳ ಅಂಗಡಿ. ಮುಂದಿನ ಕೋಣೆಯಲ್ಲಿ ದಾರ, ಕೊಕ್ಕೆ, ಬೆಂಡು, ಹಿಂದೆ ಅಡುಗೆಮನೆ, ಅದರಾಚೆ ತಗಡಿನ ಮಾಡಿನಡಿ ಗಂಡನ ಒಲೆ. ಅವನು ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಕಡಲೆಕಾಳಿನಷ್ಟು ಗುಂಡುಗಳನ್ನು ಮಾಡುತ್ತಿದ್ದ. ಒಂದೊಂದಕ್ಕೂ ಮೊನೆ ಮುರಿದ ಚಾಕುವಿನಿಂದ ಒಂದು ಸೀಳು ಹಾಕುತ್ತಿದ್ದ; ಆ ಸೀಳು ಯಾವತ್ತೂ ತುದಿಯಲ್ಲಿ ಸೊಟ್ಟ. ಅದರೊಳಗೆ ದಾರ ಇಟ್ಟು ಹಲ್ಲಿನಲ್ಲಿ ಕಚ್ಚಿ ಮುಚ್ಚಿದರೆ ಗಾಳಕ್ಕೆ ಭಾರ ಸಿದ್ಧ.

ಇಕ್ಕಳ ಇರಲಿಲ್ಲವೆಂದಲ್ಲ. ಇಕ್ಕಳ ಹಿಡಿದವನನ್ನು ಬೊಚ್ಚುಬಾಯಿ ತಾತ ಎಂದು ಆಡಿಕೊಳ್ಳುತ್ತಿದ್ದರು, ಅಷ್ಟೆ. ಕೈ ಎರಡೂ ತುಂಬಿದ್ದಾಗ ಒಂದೆರಡು ಗುಂಡು ಕೆನ್ನೆಯೊಳಗೆ ಇಟ್ಟುಕೊಳ್ಳುವುದೂ ಅಲ್ಲಿ ಎಲ್ಲರ ರೂಢಿ. ಅತ್ತಿಗೆಯೂ ಹಾಗೆ ಬಾಯಲ್ಲಿ ಗುಂಡು ಇಟ್ಟುಕೊಂಡೇ ಗಿರಾಕಿಗಳಿಗೆ ಗಂಟು ಹಾಕಿಕೊಡುತ್ತಿದ್ದಳು, ಬೈಯುತ್ತಿದ್ದಳು. ಬೈಗುಳ ಮಾತ್ರ ಎಳ್ಳಷ್ಟೂ ತೊದಲುತ್ತಿರಲಿಲ್ಲ.

ಆ ವರ್ಷ ಬಾತುಗಳು ನೀರು ಬಿಟ್ಟು ಬರತೊಡಗಿದವು. ಬೆಳಗ್ಗೆ ಅಂಗಡಿ ಬಾಗಿಲು ತೆಗೆದರೆ ಹೊಸಿಲಿನಾಚೆ ಒಂದು ಕಾಡುಬಾತು ನಿಂತಿರುತ್ತಿತ್ತು. ಕೂಗಿದರೆ ಹೆದರದು, ಪೊರಕೆ ಬೀಸಿದರೆ ಕದಲದು. ರೆಕ್ಕೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದು, ಕತ್ತು ಒಂದು ಪಕ್ಕಕ್ಕೆ ವಾಲಿ, ಒಂದೇ ಕಣ್ಣಿನಲ್ಲಿ ಅವಳನ್ನು ನೋಡುವುದು. ಮಧ್ಯಾಹ್ನದ ಹೊತ್ತಿಗೆ ಅಲ್ಲೇ ಕುಸಿಯುವುದು. ಅದನ್ನು ಹೂತು ಬಂದರೆ ಮಾರನೆಯ ದಿನ ಇನ್ನೊಂದು, ಅದೇ ಜಾಗದಲ್ಲಿ, ಹಾಗೇ ಕತ್ತು ವಾಲಿಸಿಕೊಂಡು.

ಒಂದು ದಿನ ಸತ್ತ ಬಾತನ್ನು ಎತ್ತಿದಾಗ ಅದರ ಒಳಗಿನಿಂದ ಸದ್ದು ಬಂತು. ಟಿಕ್, ಟಿಕ್. ಅಡುಗೆಮನೆಗೆ ಒಯ್ದು ಹೊಟ್ಟೆ ಸೀಳಿದಳು. ಕಾಳು ಅರೆಯಲೆಂದು ಹಕ್ಕಿ ನುಂಗಿದ್ದ ಸಣ್ಣ ಕಲ್ಲುಗಳ ನಡುವೆ ಸೀಸದ ಗುಂಡುಗಳಿದ್ದವು. ಕಲ್ಲೆಂದುಕೊಂಡು ಅವನ್ನೂ ನುಂಗಿತ್ತು ಪಾಪ. ತೊಳೆದು ಬೆಳಕಿಗೆ ಹಿಡಿದಳು. ಸೀಳು ತುದಿಯಲ್ಲಿ ಸೊಟ್ಟ.

ಅವತ್ತೇ ಸಂಜೆ ಗಂಡನ ಕೈಯಿಂದ ಸೀಸ ಹೊಯ್ಯುವ ಸೌಟು ಜಾರಿತು.

"ರೀ, ಕೈ ಎತ್ತಿ ನೋಡೋಣ."

ತೋಳು ಎದ್ದಿತು, ಮಣಿಕಟ್ಟು ಏಳಲಿಲ್ಲ. ಅಂಗೈ ಬಾತಿನ ಕತ್ತಿನ ಹಾಗೆ ಜೋತುಬಿತ್ತು. ಬೆಳಗಾಗುತ್ತಲೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಮೈಯಲ್ಲಿ ಸೀಸ ಸೇರಿದೆ, ಸೀಸದ ಸಹವಾಸ ಈಗಲೇ ಬಿಟ್ಟರೆ ಕೈ ಸರಿಹೋದೀತು, ಬಿಡದಿದ್ದರೆ ಕೈಯೂ ಹೋಗುತ್ತದೆ, ಆಮೇಲೆ ಬುದ್ಧಿಯೂ ಎಂದರು. ಗಂಡ ದಾರಿಯುದ್ದಕ್ಕೂ ಗೊಣಗಿದ.

"ನಮ್ಮಪ್ಪನೂ ಸೀಸ ಕಚ್ಚಿದೋರೇ. ಮುದುಕರಾಗೋವರೆಗೂ ಬದುಕಿರ್ಲಿಲ್ವಾ?"

"ಬದುಕಿದ್ರು. ಕೊನೆಗೆ ಅವರಿಗೆ ತುತ್ತು ಇಟ್ಟಿದ್ದು ಯಾರು? ನಾನು! ಇನ್ನೊಬ್ಬರಿಗೆ ಇಡೋಕೆ ನನ್ನ ಕೈಲಾಗಲ್ಲ."



ಅತ್ತಿಗೆ ಹಿಡಿದರೆ ಬಿಡುವ ಹೆಂಗಸಲ್ಲ. ಕೆರೆಯಂಚಿನ ಜೇಡಿಮಣ್ಣು ಕಲಸಿ, ಉಂಡೆ ಮಾಡಿ, ಕಡ್ಡಿಯಿಂದ ತೂತು ಕೊರೆದು, ಸೀಸ ಕರಗುತ್ತಿದ್ದ ಅದೇ ಒಲೆಯಲ್ಲಿ ಸುಟ್ಟಳು. ಅದನ್ನು ಮೊದಲು ಕೈಗೆತ್ತಿಕೊಂಡವನು ಟೈಲರ್ ಮಾವ. ಅವನು ಭಾನುವಾರದ ಗಾಳಗಾರ.

"ಮಣ್ಣುಂಡೆ ಕಟ್ಟಿ ಮೀನು ಹಿಡಿಯೋದಾ ಅತ್ತಿಗೆ? ಮೀನು ನಗುತ್ತೆ."

"ನಗ್ಲಿ ಬಿಡು. ಬಾಯಿ ತೆಗೆದಾಗ ಕೊಕ್ಕೆ ಹಾಕು."

ಸಂಜೆಗೆ ಅವನ ಬುಟ್ಟಿ ತುಂಬಿತ್ತು. ಉಳಿದವರಿಗೆ ಅಷ್ಟು ಸಾಕಾಯಿತು. ಸೀಸ ತಂದುಕೊಟ್ಟವರಿಗೆ ಮಣ್ಣಿನ ಗುಂಡು ಪುಕ್ಕಟೆ ಎಂದಳು. ದಿನವೂ ಒಬ್ಬರಲ್ಲ ಒಬ್ಬರು ಬಂದು ತಮ್ಮ ಸೀಸದ ಡಬ್ಬಿ ಖಾಲಿ ಮಾಡಿ ಹೋಗುತ್ತಿದ್ದರು. ಅವಳು ಒಂದು ಕೈಯಲ್ಲಿ ಸೀಸ ಬಾಚಿ ದೊಡ್ಡ ಡಬ್ಬಕ್ಕೆ ಸುರಿಯುತ್ತಾ, ಇನ್ನೊಂದು ಕೈಯಲ್ಲಿ ಮಣ್ಣಿನ ಗುಂಡು ಎಣಿಸಿಕೊಡುತ್ತಿದ್ದಳು. ಗಂಡನೂ ಗೊಣಗುತ್ತಲೇ ಬಂದು ಉಂಡೆ ಕಟ್ಟಲು ಕೂತ.

ಆದರೂ ಬಾತುಗಳು ಬರುವುದು ನಿಲ್ಲಲಿಲ್ಲ. ಕೆರೆಯ ತಳದಲ್ಲಿ ಹಳೆಯ ಸೀಸ ಎಷ್ಟು ಬಿದ್ದಿದೆಯೋ ಏನೋ. ಅವು ಗುಂಡು ಮಾಡಿದವನನ್ನು ಹುಡುಕಿಕೊಂಡು ಬರುತ್ತಿವೆ ಎಂದು ಅತ್ತಿಗೆಗೆ ಖಾತ್ರಿಯಾಗಿತ್ತು. ಅದಕ್ಕೇ ಗಂಡನನ್ನು ಹೊಸಿಲಿನ ಹತ್ತಿರ ಬಿಡುತ್ತಿರಲಿಲ್ಲ. ಅವನು ಹಿತ್ತಲಲ್ಲಿ ಕೂತಿದ್ದರೂ ಅವು ಹಿತ್ತಲಿಗೆ ಹೋಗಲಿಲ್ಲ. ಮುಂಬಾಗಿಲಲ್ಲೇ ನಿಂತು ಅವಳನ್ನೇ ನೋಡುತ್ತಿದ್ದವು.

ಆಮೇಲೆ ಮನೆಯೊಳಗೂ ಆ ಸದ್ದು ಶುರುವಾಯಿತು. ಟಿಕ್, ಟಿಕ್. ಸೊಪ್ಪು ಹೆಚ್ಚುವಾಗ ಕೇಳುವುದು, ದಾರ ಸುತ್ತುವಾಗ ಕೇಳುವುದು. ತಲೆಯೆತ್ತಿ ನೋಡಿದರೆ ಯಾರೂ ಇಲ್ಲ. ಗಂಡ ಕದ್ದು ಗುಂಡು ಚೀಪುತ್ತಿದ್ದಾನೆ ಎಂದುಕೊಂಡಳು. ಅವನ ಜೇಬು ತಡಕಿದಳು, ಹಾಸಿಗೆ ಕೊಡವಿದಳು, ಏನೂ ಸಿಗಲಿಲ್ಲ. ಇಷ್ಟೆಲ್ಲ ಮಾಡಿಯೂ ಈ ಮನುಷ್ಯ ಕೈತಪ್ಪಿ ಹೋಗುತ್ತಾನಲ್ಲ!

ಅವತ್ತು ಬೆಳಗ್ಗೆ ಸೀಸದ ಡಬ್ಬ ತುಂಬಿ ಮುಚ್ಚಳ ಹಾಕಿ, ಅವನ ಎದುರಿಗೆ ಬಂದು ಕೂತಳು. ಸದ್ದು ಕೇಳಿತು.

"ಬಾಯಿ ತೆಗೀರಿ."

ಅವನು ಬಾಯಿ ತೆಗೆದ. ನಾಲಿಗೆ ಎತ್ತಿ ತೋರಿಸಿದ. ಏನೂ ಇರಲಿಲ್ಲ. ಅವನ ಬಾಯಿ ತೆರೆದೇ ಇತ್ತು, ಸದ್ದು ಮತ್ತೆ ಬಂತು. ಟಿಕ್.

ಅವನು ಬಾಯಿ ಮುಚ್ಚುವುದನ್ನೇ ಮರೆತು ಅವಳ ಮುಖ ನೋಡಿದ. ಆಮೇಲೆ ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ, ಅವಳ ಗಲ್ಲದ ಕೆಳಗೆ ಹಿಡಿದ.

"ಅದು ನಿನ್ನ ಬಾಯಲ್ಲಿದೆ ಕಣೇ. ಡಬ್ಬ ತುಂಬೋವಾಗ ಹಾಕ್ಕೊಂಡಿರ್ತೀಯ. ಉಗುಳು."

ಅವಳು ನಾಲಿಗೆಯಿಂದ ಕೆನ್ನೆ ತಡವಿದಳು. ಉಗುಳಿದಳು. ಸೀಳು ತುದಿಯಲ್ಲಿ ಸೊಟ್ಟ.

ಅವನ ಬೆರಳುಗಳಿಗೆ ಅದನ್ನು ಹಿಡಿಯಲಾಗಲಿಲ್ಲ. ಗುಂಡು ನೆಲಕ್ಕೆ ಬಿದ್ದು ಹೊಸಿಲಿನವರೆಗೆ ಉರುಳಿತು. ಅಲ್ಲಿ ನಿಂತಿದ್ದ ಬಾತು ಕೊಕ್ಕು ಬಗ್ಗಿಸಿತು. ಅತ್ತಿಗೆ ಧಾವಿಸಿ, ಅದಕ್ಕಿಂತ ಮೊದಲು ಗುಂಡಿನ ಮೇಲೆ ಅಂಗೈ ಊರಿದಳು. ಬಾತು ಅವಳನ್ನು ನೋಡಿತು. ಅವಳು ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಕೈ ಎತ್ತಿದಳು. ತೋಳು ಎದ್ದಿತು, ಮಣಿಕಟ್ಟು ಏಳಲಿಲ್ಲ.