ಎರಡು ಸಲ ಸೋಸಿದ ಚಹಾ

ಅತ್ತೆಗೆ ಲಕ್ವಾ ಹೊಡೆದು ಬಲಗೈ ಸತ್ತಿತ್ತು. ಎಡಗೈಗೆ ಮಾತ್ರ ಎರಡು ಕೈಗಳ ಜೋರು. ಆ ಕೈಯಿಂದ ಗಂಜಿಯ ತಾಟು ಬೀಸಿ ಒಗೆಯುತ್ತಿದ್ದಳು. ಬೆನ್ನು ಒರೆಸಲು ಬಾಗಿದರೆ ಕೂದಲು ಹಿಡಿದು ಜಗ್ಗುತ್ತಿದ್ದಳು. ತೋಳಿನ ಒಳಬದಿಯ ಮೆತ್ತನೆಯ ಜಾಗ ಹುಡುಕಿ ಚಿವುಟುತ್ತಿದ್ದಳು. ಎರಡು ಸಾವಿರದ ಇಸವಿಯ ಆಸುಪಾಸು ಅದು. ನಾನು ಬೆಳಗಾವಿಯ ಕ್ಯಾಂಪ್ ಪ್ರದೇಶದಿಂದ ಖಾನಾಪುರಕ್ಕೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಗಂಡ ಏಳಕ್ಕೆ ಹಂಚಿನ ಕಾರ್ಖಾನೆಗೆ ಹೋದರೆ ಮನೆಯಲ್ಲಿ ನಾವಿಬ್ಬರೇ.

ಆಕೆಯದು ಮರಾಠಿ. ನನಗೆ ಬರುತ್ತಿದ್ದದ್ದು ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿ. ಸೊಟ್ಟಗಾದ ಬಾಯಿಂದ ಬರುವ ಮಾತಿನಲ್ಲಿ ಅರ್ಧ ತಿಳಿಯುತ್ತಲೇ ಇರಲಿಲ್ಲ. ಒಂದು ಮಾತು ಮಾತ್ರ ಸ್ಪಷ್ಟ: “ಸೋಸ್.” ಚಹಾ ಕೊಟ್ಟಾಗ ಅನ್ನುತ್ತಿದ್ದಳು. ಚಹಾಪುಡಿ ಉಳಿದಿರಬೇಕೆಂದು ಒಳಗೆ ಹೋಗಿ ಅರಿವೆಯಲ್ಲಿ ಇನ್ನೊಮ್ಮೆ ಸೋಸಿ ತರುತ್ತಿದ್ದೆ. ಮತ್ತೆ “ಸೋಸ್.” ನನ್ನ ಬೆನ್ನಿಗೆ ಗುದ್ದಿದ ಮೇಲೂ ಅದೇ. ಬೇಕಂತಲೇ ಕಾಡುತ್ತಾಳೆ ಅಂದುಕೊಂಡೆ. ಕರ್ತನೇ ತಾಳ್ಮೆ ಕೊಡು ಎಂದು ಬೆಳಿಗ್ಗೆ ಮೊಣಕಾಲೂರಿ ಬೇಡುತ್ತಿದ್ದೆ. ಹಾಲು ಉಕ್ಕುವಷ್ಟರಲ್ಲಿ ಆ ತಾಳ್ಮೆ ಮುಗಿದುಹೋಗಿರುತ್ತಿತ್ತು.

ಒಂದು ಶನಿವಾರ ಸುಡುಸುಡು ಚಹಾದ ಕಪ್ಪಿಗೆ ಎಡಗೈ ಬೀಸಿದಳು. ಅಷ್ಟೂ ನನ್ನ ತೊಡೆಯ ಮೇಲೆ. ಸೀರೆ ಚರ್ಮಕ್ಕೆ ಅಂಟಿತು. ನಾನು ಚೀರಿದೆ. ಆಕೆ “ಸೋಸ್” ಅಂದಳು.

“ಎರಡ ಸಲ ಸೋಸೇನಿ! ಇನ್ನ ನನ್ನ ರಕ್ತಾ ಸೋಸ್ಲ್ಯಾ?”

ಕೈಗೆ ಸಿಕ್ಕಿದ್ದು ಹಿತ್ತಾಳೆಯ ಸವಟು. ಹಣೆಗೆ ಬೀಸಿದೆ, ಚರ್ಮ ಬಿಚ್ಚಿಕೊಂಡಿತು. ಎರಡನೆಯ ಏಟಿಗೆ ಎಡಗೈ ಅಡ್ಡ ತಂದಳು. ಬೆರಳಿನ ಗೆಣ್ಣು ಲಟಕ್ಕೆಂದಿತು. ಮೂರನೆಯದಕ್ಕೂ ಎತ್ತಿದ್ದೆ. ರಕ್ತ ಹುಬ್ಬಿನಲ್ಲಿ ತಡೆದು ನಿಂತು, ಆಮೇಲೆ ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಆಕೆಗೆ ಇದ್ದದ್ದು ಆ ಒಂದೇ ಕೈ, ಅದನ್ನೂ ನಾನು ಒಡೆದಿದ್ದೆ. ಸವಟು ಇಳಿಸಿದೆ.

ಹಣೆಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ನೆಲ ಒರೆಸಿದೆ. ಗಂಡನಿಗೆ ಹೇಳಲು ಸುಳ್ಳೊಂದನ್ನು ಹೊಂದಿಸಿಕೊಂಡೆ.

“ಮೋರಿ ಹಂತೇಕ ಬಿದ್ರು” ಅಂದೆ, ಆತ ಚಪ್ಪಲಿ ಬಿಡುವ ಮೊದಲೇ.

ಆತ ತಾಯಿಯ ಕಡೆ ತಿರುಗಿದ. ಆಕೆ ನನ್ನ ಕಡೆ ಒಮ್ಮೆ ಬೆರಳು ಎತ್ತಿದ್ದರೆ ಸಾಕಿತ್ತು. ಆಕೆ “ಪಡ್ಲೆ” ಅಂದಳು. ಬಿದ್ದೆ ಅಂತ.

ಮರುದಿನ ಕರ್ತನ ಭೋಜನದ ಭಾನುವಾರ. ತಿಂಗಳಿಗೊಮ್ಮೆ ಪಾಸ್ಟರು ಬೆಳಗಾವಿಯಿಂದ ಬಂದು ರೊಟ್ಟಿ, ದ್ರಾಕ್ಷಿರಸ ಕೊಡುವ ದಿನ. ಆಕೆಯ ಸುಳ್ಳಿನ ಹಿಂದೆ ಅಡಗಿ ಆ ರೊಟ್ಟಿ ನುಂಗುವುದು ನನ್ನಿಂದಾಗಲಿಲ್ಲ.

“ಬಿದ್ದಿಲ್ರಿ. ನಾ ಹೊಡದೆ.”

ಆತ ಸವಟು ಎತ್ತಿಕೊಂಡು ನನ್ನ ಮೇಲೆ ಬಂದ. ಕಣ್ಣು ಮುಚ್ಚಿದೆ. ಅದು ಗೋಡೆಗೆ ಬಡಿದು ಗಾರೆ ನನ್ನ ತಲೆಯ ಮೇಲೆ ಉದುರಿತು.

“ಹೆಣ್ಮಕ್ಕಳಿಗೆ ಹೊಡ್ಯಾಂವ ನಮ್ಮಪ್ಪ. ನಾ ಅಲ್ಲ” ಅಂದ, ಏದುಸಿರು ಬಿಡುತ್ತ. “ಯಾಕ ಹೊಡದಿ?”

“ದಿನಾ ಸೋಸು ಸೋಸು ಅಂತಾರ. ಎಷ್ಟಂತ ಚಾ ಸೋಸ್ಲಿ?”

ಆತ ನನ್ನನ್ನೇ ನೋಡಿದ. “ಹುಚ್ಚೀ, ಚಾ ಸೋಸೂದಕ್ಕ ನಾವು ಗಾಳ್ ಅಂತೀವಿ. ಸೋಸ್ ಅಂದ್ರ ತಾಳಕೋ ಅಂತ.”

“ಹೊಡದು ಮತ್ತ ನನಗ ತಾಳಕೋ ಅಂತಾರ?”

“ನಿನಗಲ್ಲ. ಅಪ್ಪ ಹೊಡದಾಗೆಲ್ಲ ಒಲಿ ಮುಂದ ಕುಂತು ತನಗ ತಾನ ಹೇಳ್ಕೋತಿದ್ಲು. ಈಗೂ ತನಗ ಹೇಳ್ಕೋತಾಳ.”

ಒಂದೇ ಮನೆಯಲ್ಲಿ ಇಬ್ಬರೂ ಬೇಡುತ್ತಿದ್ದದ್ದು ತಾಳ್ಮೆಯನ್ನೇ, ಬಡಿದಾಡುತ್ತಿದ್ದದ್ದೂ ನಾವೇ.

ಅವತ್ತೇ ದವಾಖಾನೆಗೆ ಒಯ್ದೆವು. ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಭಾನುವಾರ ಮಧ್ಯಾಹ್ನ ಪಾಸ್ಟರು ಮನೆಗೇ ರೊಟ್ಟಿ, ದ್ರಾಕ್ಷಿರಸ ತಂದರು. ಕೊಡುವ ಮೊದಲು ವಾಡಿಕೆಯಂತೆ ಕೇಳಿದರು, “ಆಯಿ, ಯಾರ ಮ್ಯಾಲರ ಸಿಟ್ಟ ಐತೇನ್ರಿ?”

ಆಕೆ ಪಟ್ಟಿ ಸುತ್ತಿದ ಬೆರಳನ್ನು ನನ್ನತ್ತ ಚಾಚಿ “ಆಹೆ” ಅಂದಳು. ಇದೆ ಅಂತ.

“ನಿಮಗ?” ನನ್ನನ್ನು ಕೇಳಿದರು.

“ನನಗೂ ಐತ್ರಿ.”

ಸಿಟ್ಟಿಟ್ಟುಕೊಂಡವರಿಗೆ ಕೊಡುವಂತಿಲ್ಲ. ಅವರು ರೊಟ್ಟಿಯನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿದರು. “ಮುಂದಿನ ತಿಂಗಳ ಬರ್ತೀನಿ.”

ಎರಡನೆಯ ತಿಂಗಳೂ “ಆಹೆ.” ಮೂರನೆಯದಕ್ಕೂ. ಬೆರಳು ನೆಟ್ಟಗಾದಂತೆ ಅವಳ ಏಟುಗಳೂ ಮತ್ತೆ ಶುರುವಾದವು. ಆ ಮಣಿಕಟ್ಟು ಹಿಡಿದು, ಅದರ ನಡುಕ ನಿಲ್ಲುವವರೆಗೆ ಬಿಡದೆ, “ಸೋಸ್, ಆಯಿ” ಅನ್ನಲು ಕಲಿತೆ. ದಿನಾ ಸಾಧ್ಯವಾಯಿತು ಅಂತ ಅಲ್ಲ. ಒಮ್ಮೆ ನನ್ನ ಕಿವಿಯೋಲೆ ಕಿತ್ತಾಗ ಎದೆಗೆ ಕೈ ಕೊಟ್ಟು ತಳ್ಳಿಬಿಟ್ಟೆ. ಹಾಸಿಗೆಯ ಮೇಲೆ ಬಿದ್ದಳು. ಅವತ್ತು ಸಂಜೆ ಗಂಡ ಬಂದು ಕೇಳುವ ಮೊದಲೇ ಹೇಳಿದೆ.

ನಾಲ್ಕನೆಯ ತಿಂಗಳು ಪಾಸ್ಟರು ಕೇಳಿದಾಗ ಆಕೆ ನನ್ನ ಹರಿದ ಕಿವಿಯನ್ನು ಬಹಳ ಹೊತ್ತು ನೋಡಿದಳು.

“ಥೋಡಾ ಆಹೆ.”

ಪಾಸ್ಟರಿಗೆ ನಗು ತಡೆಯಲಾಗಲಿಲ್ಲ. “ಸ್ವಲ್ಪ ಇದ್ರ ಇರ್ಲಿ ಬಿಡ್ರಿ, ಆಯಿ. ನಿಮಗ?”

“ನನಗೂ ಅಷ್ಟ ಐತ್ರಿ.”

ರೊಟ್ಟಿಗೆ ಸುತ್ತಿದ ಬಿಳಿ ಬಟ್ಟೆ ಬಿಚ್ಚಿದರು. ಪುಟ್ಟ ಲೋಟ ಹಿಡಿದ ಆ ಎಡಗೈ ನಡುಗಿ ರಸ ತುಳುಕಿತು. ನಾನು ಮಣಿಕಟ್ಟು ಹಿಡಿದೆ, ಲೋಟ ಬಾಯಿ ಮುಟ್ಟುವ ತನಕ.